ನಾನೂರು ಟನ್ನಿನ ನಾಜೂಕು ಹೆಜ್ಜೆ

ನನ್ನ ಕೈಯಲ್ಲಿ ಇದುವರೆಗೆ ಒಡೆದುಹೋದ ವಸ್ತುಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಜಾಗ ಸಾಲದು. ಹದಿನಾರು ವರ್ಷಗಳಿಂದ ನಾನು ಒಂದು ವಾರಪತ್ರಿಕೆಗೆ 'ಮನೆಗೊಂದು ಯಂತ್ರ' ಎಂಬ ಅಂಕಣ ಬರೆಯುತ್ತಿದ್ದೇನೆ. ಮಿಕ್ಸಿ, ಕುಕ್ಕರ್, ಇಸ್ತ್ರಿಪೆಟ್ಟಿಗೆ, ನೀರಿನ ಫಿಲ್ಟರ್, ಏನೇ ಬರಲಿ, ಏಳು ದಿನ ಮನೆಯಲ್ಲಿಟ್ಟುಕೊಂಡು ಬಳಸಿ, ಹನ್ನೊಂದು ಪ್ರಶ್ನೆಗಳ ನಮೂನೆಯೊಂದನ್ನು ತುಂಬಿ, ಕೊಳ್ಳಬಹುದೋ ಬೇಡವೋ ಎಂದು ತೀರ್ಪು ಕೊಡುವುದು ನನ್ನ ಕೆಲಸ. ತೂಕ ಎಷ್ಟು? ಸದ್ದು ಎಷ್ಟು? ಶುಚಿ ಮಾಡುವುದು ಸುಲಭವೇ? ಮನೆಯ ಹಿರಿಯರು ಬಳಸಬಹುದೇ? ಹೀಗೆ ಸಾಗುತ್ತವೆ ಪ್ರಶ್ನೆಗಳು. ಏಳು ದಿನ ನನ್ನ ಕೈಯಲ್ಲಿದ್ದೂ ಉಳಿದುಕೊಂಡ ಯಂತ್ರವನ್ನು ಓದುಗರು ಕಣ್ಣುಮುಚ್ಚಿ ಕೊಳ್ಳುತ್ತಾರೆ.

ಒಡೆಯುವುದರಲ್ಲಿ ನನಗೆ ಯಂತ್ರಗಳ ಬಗ್ಗೆ ಪಕ್ಷಪಾತವೇನಿಲ್ಲ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದಾರೆ. ಮೆಟ್ಟಿಲು ತಿರುಗುವ ಜಾಗದಲ್ಲಿ, ಕಿಟಕಿಯ ಬೆಳಕು ಬೀಳುವಲ್ಲಿ ಹೂಕುಂಡ ಇಡುವುದರಿಂದ ಇಡೀ ಕಟ್ಟಡ ಅವರನ್ನು ಕುಂಡದಮ್ಮ ಎಂದೇ ಕರೆಯುತ್ತದೆ. ಪರೀಕ್ಷೆಗೆ ಬಂದ ಪೆಟ್ಟಿಗೆಗಳನ್ನು ಹೊತ್ತು ಮೆಟ್ಟಿಲು ಹತ್ತುವಾಗ ನಾನು ಅವರ ಐದು ಕುಂಡಗಳನ್ನು ಒಡೆದಿದ್ದೇನೆ. ಐದನೆಯದಾದ ಮೇಲೆ ಅವರು ನನ್ನ ಜೊತೆ ಮಾತು ಬಿಟ್ಟರು, ಆದರೆ ಕುಂಡ ಇಡುವುದನ್ನು ಬಿಡಲಿಲ್ಲ.

ಹೀಗಿರಲು ಒಂದು ಸೋಮವಾರ ಸಂಪಾದಕರು ಕೋಣೆಗೆ ಕರೆದರು. ಅವರ ಮೇಜಿನ ಮೇಲೆ ಊಟದ ಡಬ್ಬಿಯ ಮುಚ್ಚಳದಷ್ಟು ಅಗಲದ, ಎರಡೂ ತುದಿಯಲ್ಲಿ ಗುಂಡಿಗಳಿದ್ದ ಒಂದು ಕಪ್ಪು ಸಾಧನವಿತ್ತು.

"ನಿಮ್ಮ ಅಂಕಣ ಈ ತಿಂಗಳಿಗೆ ನಿಲ್ಲಿಸೋಣ ಅಂತಿದೀನಿ," ಅಂದರು, ಕಿಟಕಿ ಮುಚ್ಚೋಣ ಅನ್ನುವಷ್ಟು ಸಲೀಸಾಗಿ. "ಮಿಕ್ಸಿ ವಿಷಯ ಈಗ ಯಾರು ಓದ್ತಾರೆ ಹೇಳಿ? ಆ ಜಾಗದಲ್ಲಿ ಗೇಮ್ ವಿಮರ್ಶೆ ಹಾಕ್ತೀವಿ. ಅನಿಮೆ ಅಂತ ಜಪಾನಿನ ಕಾರ್ಟೂನ್ ಸರಣಿ ಒಂದಿದೆಯಂತೆ, ಹುಡುಗರೆಲ್ಲ ಅದಕ್ಕೆ ಪ್ರಾಣ ಬಿಡ್ತಾರೆ. ಅದರ ಮೇಲೆ ಮಾಡಿರೋ ಗೇಮ್ ಇದು. ಬರೆಯೋರು ಒಬ್ರು ಸಿಕ್ಕಿದ್ರೆ ಸಾಕು."

"ಸಿಕ್ಕಿದಾರಲ್ಲ ಸಾರ್."

"ಯಾರು?"

"ನಾನೇ."

ಸಂಪಾದಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಹಾಕಿಕೊಂಡು ಮತ್ತೊಮ್ಮೆ ನೋಡಿದರು. "ನಿಮಗೆ ಇದೆಲ್ಲ ಬರುತ್ತಾ?"

"ಬರುತ್ತಾ ಅಂದ್ರೆ? ಇಂಥವು ಎಷ್ಟು ಆಡಿ ಬಿಸಾಕಿದೀನಿ ಸಾರ್!"

ಇಷ್ಟೊಂದು ಗುಂಡಿಗಳಿರುವ ಯಂತ್ರವೆಂದರೆ ಅಲ್ಲಿಯವರೆಗೆ ನಾನು ಆಡಿಸಿದ್ದು ಬಟ್ಟೆ ಒಗೆಯುವ ಯಂತ್ರ ಒಂದನ್ನೇ. ಆದರೆ ಹದಿನಾರು ವರ್ಷದ ಅಂಕಣ ಕಣ್ಣೆದುರೇ ಮುಳುಗುತ್ತಿರುವಾಗ ಮನುಷ್ಯನ ನಾಲಿಗೆ ತನಗೆ ತೋಚಿದ್ದನ್ನು ಹೇಳಿಬಿಡುತ್ತದೆ. ಸಾಧನವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಮೆಟ್ಟಿಲ ತಿರುವಿನ ಕುಂಡವನ್ನು ಅಂದು ಗೋಡೆ ಹಿಡಿದುಕೊಂಡು ದಾಟಿದೆ.

ನನ್ನ ಪದ್ಧತಿಯಂತೆ ಮೊದಲು ಸಾಧನವನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಊಟದ ಮೇಜಿನ ನಡುವೆ ಇಟ್ಟು ಗುಂಡಿ ಒತ್ತಿದೆ.

ಏನೆಂದು ಹೇಳಲಿ! ಆ ಅಂಗೈಯಗಲದ ಗಾಜಿನೊಳಗೆ ಒಂದು ಬಾಗಿಲು ತೆರೆಯಿತು, ಅದರಾಚೆ ಬೆಟ್ಟದೆತ್ತರದ ಒಂದು ಉಕ್ಕಿನ ಮನುಷ್ಯ ಎದ್ದು ನಿಂತ. ಒಳಗೆ ಆಳು ಕೂತು ನಡೆಸುವ ದೈತ್ಯ ರೋಬೋ, ಮೆಕಾ ಅನ್ನುತ್ತಾರಂತೆ. ತೂಕ ನಾನೂರು ಟನ್ ಎಂದು ತೆರೆಯ ಮೂಲೆಯಲ್ಲಿ ಬರೆದಿತ್ತು. ಮೊಣಕಾಲಿನ ತಿರುಪುಗಳು ಒಂದೊಂದೂ ನಮ್ಮ ಮನೆಯ ನೀರಿನ ಟ್ಯಾಂಕಿನಷ್ಟಿದ್ದವು. ಭುಜದ ಮೇಲೆ ಪಾರಿವಾಳಗಳು ಕೂತಿದ್ದವು, ಅದು ಉಸಿರೆಳೆದಾಗ ಹಾರಿ ಮತ್ತೆ ಬಂದು ಕೂತವು. ಹದಿನಾರು ವರ್ಷದಲ್ಲಿ ನಾನು ನೂರಾರು ಯಂತ್ರ ನೋಡಿದ್ದೇನೆ, ಆದರೆ ಯಾವುದರ ಮುಂದೆಯೂ ಎದ್ದು ನಿಂತಿರಲಿಲ್ಲ. ಅಂದು ಕುರ್ಚಿ ಬಿಟ್ಟು ಎದ್ದು ನಿಂತೆ.

"ನಗರವನ್ನು ಕಾಪಾಡು" ಎಂದು ತೆರೆಯ ಮೇಲೆ ಅಪ್ಪಣೆ ಬಂತು. ಬೀದಿಯ ತುದಿಯಲ್ಲಿ ಇನ್ನೊಂದು ಕಪ್ಪು ದೈತ್ಯ ನಿಂತಿತ್ತು, ಶತ್ರು. ಎಡ ಹೆಬ್ಬೆರಳಿನ ಕೆಳಗಿನ ಪುಟ್ಟ ಹಿಡಿಯನ್ನು ಮುಂದಕ್ಕೆ ತಳ್ಳಿದೆ. ನಾನೂರು ಟನ್ನಿನ ಕಾಲು ಎದ್ದು ನೆಲಕ್ಕೆ ಬಿತ್ತು. ಒಂದೇ ಹೆಜ್ಜೆಗೆ ಒಂದು ಬಸ್ ನಿಲ್ದಾಣ, ಒಂದು ಕ್ಷೌರದಂಗಡಿ, ಒಂದು ಮೂರಂತಸ್ತಿನ ಮನೆ ನೆಲಸಮವಾದವು. ಆ ಮನೆಯ ಮೂರನೆಯ ಮಹಡಿಯ ಕಿಟಕಿಯಲ್ಲಿ ಒಂದು ಹೂಕುಂಡವಿತ್ತು, ಬೀಳುವಾಗ ಅದು ಮಾತ್ರ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು.

ತೆರೆ ಮಿನುಗಿ "ಶಹಬ್ಬಾಸ್! ಮುನ್ನುಗ್ಗು!" ಎಂದಿತು. ಎಲ್ಲಿಯ ಶಹಬ್ಬಾಸ್? ಕಾಪಾಡು ಅಂದದ್ದು ಇವರೇ, ಒಡೆದರೆ ಬೆನ್ನು ತಟ್ಟುವುದೂ ಇವರೇ. ಇದು ನನ್ನನ್ನು ಪರೀಕ್ಷಿಸಲು ಹೂಡಿದ ಉಪಾಯ ಎಂದುಕೊಂಡು ಆಟ ನಿಲ್ಲಿಸಿದೆ. "ಮೊದಲಿನಿಂದ ಆಡುವಿರಾ?" ಎಂದು ಕೇಳಿತು. ಹೌದು ಎಂದು ಒತ್ತಿದೆ. ಅಂದು ಸಂಜೆಯೊಳಗೆ ಹನ್ನೊಂದು ಸಲ ಹೌದು ಎಂದು ಒತ್ತಿದೆ, ಹನ್ನೊಂದು ಸಲವೂ ಆ ಕುಂಡ ಒಡೆಯಿತು.

ಮರುದಿನ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ವಾರ ಇದ್ದುಹೋಗಲು ಬಂದರು. ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಅರ್ಧ ಊರಿಗೆ ಗಾಡಿ ಕಲಿಸಿದ್ದಾರೆ. ಅವರದೊಂದು ಪದ್ಧತಿ ಇದೆ. ಮನೆಯಲ್ಲಿ ನನ್ನನ್ನು ಬಹುವಚನದಲ್ಲಿ ಕರೆಯುತ್ತಾರೆ, ಸ್ಟೇರಿಂಗ್ ಮುಂದೆ ಕೂತ ಕೂಡಲೇ ಏಕವಚನ.

"ಏನ್ ಮಾಡ್ತಿದೀರಿ ಅಳಿಯಂದ್ರೇ?" ಎಂದು ಪಕ್ಕದ ಕುರ್ಚಿ ಎಳೆದು ಕೂತರು. ಒಂದು ನಿಮಿಷ ನೋಡಿದರು. ದೈತ್ಯ ಮೆಲ್ಲಗೆ ತಲೆ ತಿರುಗಿಸಿದಾಗ ಅವರ ಬಾಯಿ ತಾನಾಗಿ ತೆರೆಯಿತು. "ಅಬ್ಬಬ್ಬಾ! ಇಷ್ಟು ದೊಡ್ಡ ಗಾಡೀನ ನಿಮ್ಮ ಕೈಗೆ ಯಾರು ಕೊಟ್ರು?"

ನಾನು ಹೆಜ್ಜೆ ಎತ್ತಿದೆ. ಅತ್ತೆಯ ಬಲಗಾಲು ನೆಲಕ್ಕೆ ಧೊಪ್ಪನೆ ಅಪ್ಪಳಿಸಿತು.

"ಬ್ರೇಕ್! ಬ್ರೇಕ್ ಹಾಕೋ! ತಿರುಗೋಕೆ ಮುಂಚೆ ಕನ್ನಡಿ ನೋಡ್ದೆಯಾ? ಹಿಂದೆ ಯಾರಿದಾರೆ ನೋಡ್ದೆಯಾ?"

"ಅತ್ತೆ, ಇದಕ್ಕೆ ಕನ್ನಡಿ ಇಲ್ಲ..."

"ತಲೆ ಇದೆಯಲ್ಲ! ತಿರುಗಿಸು!"

ತಿರುಗಿಸಿದೆ. ನಿಜವಾಗಿಯೂ ಹಿಂದೆ ಒಂದು ಶಾಲಾ ಬಸ್ಸಿತ್ತು. ಅದು ಹೋಗುವವರೆಗೆ ಕಾಯಿಸಿದರು. ಸಿಗ್ನಲ್ ಕೆಂಪಾದಾಗ ನಿಲ್ಲಿಸಿದರು. ನಾನೂರು ಟನ್ನಿನ ಆ ಮಹಾಯಂತ್ರ ಅಡ್ಡರಸ್ತೆಯಲ್ಲಿ ಹಸಿರು ದೀಪಕ್ಕಾಗಿ ಕಾಯುತ್ತಾ ನಿಂತಿತು, ಅದರ ಕಾಲ ಬುಡದಲ್ಲಿ ಜನ ರಸ್ತೆ ದಾಟಿದರು. ಅದನ್ನು ನೋಡುತ್ತಾ ನನಗೆ ಮೈ ಜುಮ್ಮೆಂದಿತು. ಇಷ್ಟು ಬಲ ಇಷ್ಟು ಸುಮ್ಮನೆ ನಿಲ್ಲಬಲ್ಲದೆಂದು ನಾನು ಎಣಿಸಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಅತ್ತೆಯೇ ಕಂಡುಹಿಡಿದರು. ನಾವು ಗುಂಡು ಹಾರಿಸದಿದ್ದರೆ ಶತ್ರುವೂ ಹಾರಿಸುವುದಿಲ್ಲ. ನಾವು ಕಾಲಿಟ್ಟಲ್ಲೇ ಕಾಲಿಡುತ್ತಾ ಹಿಂದೆ ಹಿಂದೆ ಬರುತ್ತದೆ. "ಹೊಸ ಡ್ರೈವರು ಪಾಪ," ಅಂದರು ಅತ್ತೆ, "ಮುಂದಿನ ಗಾಡಿ ನೋಡ್ಕೊಂಡು ಬರ್ತಾನೆ."

ಬುಧವಾರದ ಹೊತ್ತಿಗೆ ಅತ್ತೆಯ ಬ್ರೇಕಿಗೆ ಕೆಳಗಿನ ಮನೆಯ ದೀಪ ಅಲುಗಾಡತೊಡಗಿತ್ತು. ಕುಂಡದಮ್ಮ ನನ್ನೊಡನೆ ಮಾತು ಬಿಟ್ಟಿದ್ದರಿಂದ ನೇರವಾಗಿ ಕಟ್ಟಡದ ಸಂಘಕ್ಕೆ ದೂರು ಕೊಟ್ಟರು. ಸಂಘದ ಕಾರ್ಯದರ್ಶಿಗಳು ನಗರಸಭೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅಕ್ರಮವಾಗಿ ಮುಂದೆ ಬಂದ ಬಾಲ್ಕನಿ ಕಂಡರೆ ಇಂದಿಗೂ ಅವರಿಗೆ ಊಟ ಸೇರುವುದಿಲ್ಲ. ನೋಟೀಸು ಬರೆದುಕೊಂಡು, ಕುಂಡದಮ್ಮನನ್ನು ಸಾಕ್ಷಿಗೆ ಕರೆದುಕೊಂಡು ಬಂದೇಬಿಟ್ಟರು.

"ಏನ್ರೀ ಇದು? ಸಂಸಾರಸ್ಥರು ಇರೋ ಕಟ್ಟಡ ಇದು. ಸಂಜೆಯಾದ್ರೆ ಧಡಧಡ ಅಂತ..." ಎಂದು ಶುರು ಮಾಡಿದವರ ದೃಷ್ಟಿ ತೆರೆಯ ಮೇಲೆ ಬಿತ್ತು. ಮಾತು ಅಲ್ಲೇ ನಿಂತಿತು. ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದರು. "ಈ ಬೀದಿ ಅಗಲ ಎಷ್ಟ್ರೀ?"

"ಗೊತ್ತಿಲ್ಲ ಸಾರ್."

"ಬಸ್ಸು ನಿಂತಿದೆಯಲ್ಲ, ಅದರ ಮೇಲೆ ಲೆಕ್ಕ ಹಾಕಿ. ಹನ್ನೆರಡು ಮೀಟರ್. ಪಾದ ಒಂಬತ್ತು ಮೀಟರ್. ಆ ಕಡೆ ಒಂದೂವರೆ, ಈ ಕಡೆ ಒಂದೂವರೆ. ನೇರವಾಗಿ ಇಟ್ರೆ ಹಿಡಿಸುತ್ತೆ. ನೀವು ಸೊಟ್ಟಗೆ ಇಡ್ತಿದೀರಿ!" ನೋಟೀಸನ್ನು ಮಗುಚಿ ಅದರ ಹಿಂಬದಿಯಲ್ಲಿ ಬೀದಿಯ ನಕ್ಷೆ ಬರೆಯತೊಡಗಿದರು. "ಇಲ್ಲಿ ಜಗಳ ಬೇಡ. ಅವನನ್ನ ಹೀಗೇ ಸಮುದ್ರದ ದಂಡೆಗೆ ಕರ್ಕೊಂಡು ಹೋಗಿ. ಅಲ್ಲಿ ಒಂದು ಕಟ್ಟಡಾನೂ ಇಲ್ಲ, ಏನಾದ್ರೂ ಮಾಡ್ಕೊಳ್ಳಿ."

ಕುಂಡದಮ್ಮ ಬಾಗಿಲಲ್ಲೇ ನಿಂತಿದ್ದರು. ಮುಖ ಗಂಟಿಕ್ಕಿಕೊಂಡೇ ಒಮ್ಮೆ ಇಣುಕಿದರು. ಅಷ್ಟು ಹೊತ್ತಿಗೆ ದೈತ್ಯನ ಮೊಣಕೈ ಮೂರಂತಸ್ತಿನ ಮನೆಗೆ ತಾಗಿ ಮೇಲಿನ ಕಿಟಕಿ ಕಳಚಿಬಿತ್ತು. ಕುಂಡ ಬೀದಿಗೆ ಬಿದ್ದು ಚೂರಾಯಿತು.

ಕುಂಡದಮ್ಮ ನನ್ನನ್ನು ನೋಡಿದರು. ಆರು ತಿಂಗಳ ಮೇಲೆ ಮೊದಲ ಬಾರಿಗೆ ನನ್ನೊಡನೆ ಮಾತಾಡಿದರು. "ಅಲ್ಲೂ ಬಿಡ್ಲಿಲ್ವಲ್ರೀ ನೀವು!"

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆದರೆ ಅವರು ಹೋಗಲಿಲ್ಲ. ಒಳಗೆ ಬಂದು, ಅತ್ತೆಯ ಪಕ್ಕದಲ್ಲಿ ಕೂತು, "ಗಿಡಕ್ಕೆ ನೀರು ಹಾಕಿ ಎಷ್ಟು ದಿನ ಆಗಿದೆಯೋ, ಎಲೆ ಬಾಡಿದೆ," ಅಂದರು. ಸ್ವಲ್ಪ ಹೊತ್ತಾದ ಮೇಲೆ ತಾವೇ ಕೈ ಚಾಚಿ "ಹೌದು" ಗುಂಡಿ ಒತ್ತಿದರು.

ಅಂದಿನಿಂದ ಸಂಜೆ ಆರಾದರೆ ನಮ್ಮ ಊಟದ ಮೇಜಿಗೆ ಜಾಗ ಸಾಲುತ್ತಿರಲಿಲ್ಲ. ಅತ್ತೆ ಬ್ರೇಕು, ಕಾರ್ಯದರ್ಶಿಗಳು ಅಳತೆ, ಕುಂಡದಮ್ಮ ಕಿಟಕಿ. ಕನ್ನಡಕದಂಗಡಿಯಲ್ಲಿ ಇಡೀ ದಿನ ಗಾಜು ಉಜ್ಜಿ ಮನೆಗೆ ಬಂದ ನನ್ನ ಹೆಂಡತಿ ಈ ಸಂಸತ್ತನ್ನು ನೋಡಿ, "ರೀ, ಊಟಕ್ಕಾದ್ರೂ ಆ ದೇವರನ್ನ ಸ್ವಲ್ಪ ಪಕ್ಕಕ್ಕಿಡ್ತೀರಾ?" ಅಂದಳು. ಬೀದಿ ದಾಟಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ಹದಿಮೂರು ಸಲ ಆಡಿದೆವು. ಬಸ್ ನಿಲ್ದಾಣ ಉಳಿಯಿತು, ಕ್ಷೌರದಂಗಡಿ ಉಳಿಯಿತು. ಕುಂಡ ಮಾತ್ರ ಕೊನೆಯ ತಿರುವಿನಲ್ಲಿ ಪ್ರತಿ ಸಲವೂ ಹೋಯಿತು.

ಶುಕ್ರವಾರ ಸಂಪಾದಕರ ಫೋನು. "ಎಷ್ಟು ಹಂತ ಆಯ್ತು? ಇಪ್ಪತ್ತಾರು ಹಂತ ಇದೆಯಂತೆ."

ಸುಳ್ಳು ಹೇಳಲು ಧೈರ್ಯವಾಗಲಿಲ್ಲ, ನಿಜ ಹೇಳಲೂ ಆಗಲಿಲ್ಲ. "ನಾನು ಹಾಗೆಲ್ಲ ಓಡಿಸಲ್ಲ ಸಾರ್. ಮೊದಲನೇ ಹಂತದಲ್ಲಿ ಇನ್ನೂ ನೋಡೋದು ತುಂಬ ಇದೆ."

ಆ ಕಡೆಯಿಂದ ತಗ್ಗಿದ ದನಿಯಲ್ಲಿ, "ಐದು ದಿನದಿಂದ ಒಂದೇ ಹಂತಾನ? ಇದನ್ನ ಕೇಳಿದ್ರೆ ಕಂಪನಿಯವರು ಬೆರಗಾಗ್ತಾರೆ ಕಣ್ರೀ. ತಜ್ಞರು ಅಂದ್ರೆ ಹೀಗಿರಬೇಕು!" ಅಂದು ಇಟ್ಟುಬಿಟ್ಟರು.

ಶನಿವಾರದ ಸಂಚಿಕೆಯ ಮುಖಪುಟದಲ್ಲಿ ನನ್ನ ಫೋಟೋ ಬಂತು. ಕುಕ್ಕರ್ ಹಿಡಿದಿದ್ದ ಹಳೆಯ ಫೋಟೋದಲ್ಲಿ ಕುಕ್ಕರನ್ನು ಕತ್ತರಿಸಿದ್ದರು, ಹಿಡಿಕೆ ಮಾತ್ರ ಉಳಿದಿತ್ತು. ಕೆಳಗೆ "ಒಂದೊಂದು ಹಂತವನ್ನೂ ವಾರಗಟ್ಟಲೆ ಅಭ್ಯಾಸ ಮಾಡುವ ನಮ್ಮ ಗೇಮ್ ತಜ್ಞರಿಂದ ಭಾನುವಾರ ಪ್ರಾತ್ಯಕ್ಷಿಕೆ. ಎಲ್ಲರಿಗೂ ಸ್ವಾಗತ" ಎಂದಿತ್ತು. ನನಗೆ ನಿಂತ ನೆಲ ಕುಸಿದಂತಾಯಿತು. ಅಲ್ಲಿ ಬಣ್ಣ ಬಯಲಾದರೆ ಅಂಕಣವೂ ಹೋಯಿತು, ಮಾನವೂ ಹೋಯಿತು.

"ಹೋಗ್ಲೇಬೇಡಿ, ಜ್ವರ ಅಂತ ಹೇಳಿ," ಅಂದಳು ಹೆಂಡತಿ.

"ಪರೀಕ್ಷೆ ದಿನ ಜ್ವರ ಬಂದೋರಿಗೆ ನಾನು ಯಾವತ್ತೂ ಲೈಸೆನ್ಸ್ ಕೊಡಿಸಿಲ್ಲ," ಅಂದರು ಅತ್ತೆ. ಮಾತು ಅಲ್ಲಿಗೆ ಮುಗಿಯಿತು.

ಪುಸ್ತಕ ಮಳಿಗೆಯ ಮೇಲ್ಮಹಡಿಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುನ್ನೂರು ಜನ ಹುಡುಗ ಹುಡುಗಿಯರು, ಅರ್ಧದಷ್ಟು ಮಂದಿ ರಟ್ಟಿನ ಭುಜಕವಚ ತೊಟ್ಟಿದ್ದರು. ಮುಂದಿನ ಸಾಲಿನಲ್ಲಿ ಎದೆಯವರೆಗೆ ಗಡ್ಡ ಬಿಟ್ಟ ಒಬ್ಬ ಮಹಾಕಾಯ ಕೂತಿದ್ದ. ಆ ಸರಣಿಯ ಪ್ರತಿ ಕಂತನ್ನೂ ನಲವತ್ತು ಸಲ ನೋಡಿದವನಂತೆ. ಅವನ ಪಕ್ಕದಲ್ಲಿ ಅತ್ತೆ, ನನ್ನ ಹೆಂಡತಿ, ಕಾರ್ಯದರ್ಶಿಗಳು, ಕುಂಡದಮ್ಮ. ಗೋಡೆಯಗಲದ ತೆರೆಯ ಮೇಲೆ ನನ್ನ ದೈತ್ಯ ಎದ್ದು ನಿಂತಾಗ ಇಡೀ ಸಭೆ ಒಂದೇ ಉಸಿರೆಳೆಯಿತು. ಅಂಗೈಯಲ್ಲಿದ್ದಾಗಲೇ ಎದ್ದು ನಿಂತಿದ್ದ ನಾನು ಈಗ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡೆ.

ಕಂಪನಿಯ ಪ್ರತಿನಿಧಿ ಮೈಕು ಹಿಡಿದಳು. "ಸರಣಿ ನೋಡಿರೋರಿಗೆ ಗೊತ್ತೇ ಇದೆ, ಮೊದಲನೇ ಕಂತಿನಲ್ಲಿ ನಮ್ಮ ನಾಯಕ ಮೆಕಾ ಹತ್ತಿದ ಕೂಡಲೇ ತಪ್ಪಿ ತನ್ನ ಬೀದಿಯನ್ನೇ ತುಳಿದುಬಿಡ್ತಾನೆ. ಅವನ ಅಜ್ಜಿ ಸಾಯೋದು ಅಲ್ಲೇ. ಕತೆ ಶುರುವಾಗೋದೇ ಅಲ್ಲಿಂದ. ಗೇಮ್ ಬಂದು ಒಂದು ವರ್ಷ ಆಯ್ತು, ಈ ಬೀದೀನ ಪುಡಿ ಮಾಡಿಯೇ ಎಲ್ಲರೂ ಮುಂದಕ್ಕೆ ಹೋಗೋದು. ನಮ್ಮ ತಜ್ಞರು ಎಷ್ಟು ಸೆಕೆಂಡಿನಲ್ಲಿ ಪುಡಿ ಮಾಡ್ತಾರೆ ನೋಡೋಣ!"

ನಾನು ಕಂಗಾಲಾದೆ. ಪುಡಿ ಮಾಡಬೇಕಿತ್ತೇ? ಒಂದು ವಾರದಿಂದ ನಾನು ಆಟವನ್ನೇ ತಲೆಕೆಳಗಾಗಿ ಆಡಿದ್ದೆ. ಗುಂಡು ಹಾರಿಸುವ ಗುಂಡಿ ಯಾವುದೆಂದೂ ಗೊತ್ತಿಲ್ಲ. ಮುಂದಿನ ಸಾಲಿನ ಕಡೆ ನೋಡಿದೆ. ಕುಂಡದಮ್ಮ ಕಣ್ಣು ಮಿಟುಕಿಸದೆ ತೆರೆಯ ಮೂರನೆಯ ಮಹಡಿಯನ್ನು ನೋಡುತ್ತಿದ್ದರು.

ಗೊತ್ತಿದ್ದದ್ದು ಒಂದೇ, ಅದನ್ನೇ ಮಾಡಿದೆ. ತಲೆ ತಿರುಗಿಸಿ ಹಿಂದೆ ನೋಡಿದೆ. ಶಾಲಾ ಬಸ್ಸು ಹೋಗಲು ಬಿಟ್ಟೆ. ಪಾದವನ್ನು ನೇರವಾಗಿ ಇಟ್ಟೆ.

ಐದು ನಿಮಿಷ ಸಭೆ ತಾಳ್ಮೆಯಿಂದಿತ್ತು. ಕೆಂಪು ಸಿಗ್ನಲ್ಲಿಗೆ ನಿಂತಾಗ ಕೂಗು ಶುರುವಾಯಿತು. "ಗುಂಡು ಹೊಡೀರಿ ಸಾರ್!" "ಅಂಕಲ್ ನಿದ್ದೆ ಹೋದ್ರು!" ಸಂಪಾದಕರು ಬೆವರು ಒರೆಸಿಕೊಂಡರು. ಅಷ್ಟರಲ್ಲಿ ಅತ್ತೆ ಎದ್ದು ಹಿಂದಕ್ಕೆ ತಿರುಗಿ, "ಗಾಡಿ ಓಡಿಸ್ತಿರೋನ ಹತ್ರ ಮಾತಾಡಬಾರದು ಅಂತ ಯಾರೂ ಕಲಿಸಿಲ್ವಾ ನಿಮಗೆ?" ಎಂದು ಗದರಿದರು. ಮುನ್ನೂರು ಜನರಲ್ಲಿ ಅರ್ಧ ಮಂದಿ ಅವರ ಬಳಿಯೇ ಗಾಡಿ ಕಲಿತವರಿರಬೇಕು, ತೆಪ್ಪಗಾದರು.

ಆ ಮೌನದಲ್ಲಿ ದೈತ್ಯ ನಡೆಯಿತು. ಒಣಗಲು ಹಾಕಿದ ಬಟ್ಟೆಯ ಹಗ್ಗ ಅಡ್ಡ ಬಂದಾಗ ಬಗ್ಗಿ ದಾಟಿತು. ಹಿಂದೆ ಶತ್ರು ಅದೇ ಹೆಜ್ಜೆಯ ಗುರುತಿನಲ್ಲಿ ಹೆಜ್ಜೆಯಿಟ್ಟು ಬಂತು. ಗಡ್ಡದ ಮಹಾಕಾಯ ಮುಂದಕ್ಕೆ ಬಾಗಿ, "ಇವರು... ಇವರು ಒಡೀತಾನೇ ಇಲ್ಲ," ಎಂದು ಪಿಸುಗುಟ್ಟಿದ. ಆ ಮಾತು ಸಾಲಿನಿಂದ ಸಾಲಿಗೆ ಹರಿದು ಹಿಂದಿನ ಗೋಡೆ ಮುಟ್ಟಿತು. ಕೊನೆಯ ತಿರುವು ಬಂತು. ಮೂರಂತಸ್ತಿನ ಮನೆ, ಕಿಟಕಿ, ಕುಂಡ. ಕಾರ್ಯದರ್ಶಿಗಳು ಎರಡು ಬೆರಳೆತ್ತಿ ಅಳತೆ ತೋರಿಸಿದರು. ಅತ್ತೆಯ ಕಾಲು ಗಾಳಿಯಲ್ಲಿ ನಿಂತಿತ್ತು. ನಾನು ಉಸಿರು ಬಿಗಿಹಿಡಿದು ದೈತ್ಯನ ಮೊಣಕೈಯನ್ನು ಎದೆಗೆ ಒತ್ತಿಕೊಂಡು ತಿರುಗಿಸಿದೆ.

ಕುಂಡ ಅಲ್ಲಾಡಿತು. ಅಲ್ಲಾಡಿ, ನಿಂತಿತು.

ದಂಡೆ ತಲುಪಿದ ಕೂಡಲೇ ಶತ್ರು ತೋಳೆತ್ತಿ ಓಡಿ ಬಂತು. ಈ ಜಾಗಕ್ಕೆ ನಾನು ಬಂದದ್ದೇ ಮೊದಲು. "ಹ್ಯಾಂಡ್‌ಬ್ರೇಕ್!" ಎಂದು ಅತ್ತೆ ಕಿರುಚಿದರು. ಕೈಗೆ ಸಿಕ್ಕಿದ ಗುಂಡಿ ಒತ್ತಿದೆ. ದೈತ್ಯ ಮಂಡಿಯೂರಿ ಕೂತಿತು, ಶತ್ರು ಅದರ ಬೆನ್ನ ಮೇಲಿಂದ ಉರುಳಿ ಸಮುದ್ರಕ್ಕೆ ಬಿತ್ತು.

ಶಹಬ್ಬಾಸ್ ಬರಲಿಲ್ಲ. ಅಂಕಗಳೂ ಬರಲಿಲ್ಲ. ಕೆಟ್ಟುಹೋಯಿತೆಂದೇ ಎಣಿಸಿದೆ. ಆಗ ನಾನು ಏನೂ ಒತ್ತದೆ ದೈತ್ಯ ತಾನಾಗಿ ಎದ್ದು, ತಲೆ ತಿರುಗಿಸಿ ಬೀದಿಯ ಕಡೆ ನೋಡಿತು. ಮೂರನೆಯ ಮಹಡಿಯ ಕಿಟಕಿ ತೆರೆಯಿತು. ಒಬ್ಬ ಮುದುಕಿ ನೀರಿನ ತಂಬಿಗೆ ಹಿಡಿದು ಬಂದು, ಗಿಡಕ್ಕೆ ಹನಿಹನಿಯಾಗಿ ನೀರೆರೆದಳು. ಆಮೇಲೆ ತಲೆಯೆತ್ತಿ ಆ ಆಕಾಶದೆತ್ತರದ ಉಕ್ಕಿನ ಮನುಷ್ಯನನ್ನು ನೋಡಿದಳು. ಹೆದರಲಿಲ್ಲ. ಅವಳ ಮಾತು ತೆರೆಯ ಕೆಳಗೆ ಮೂಡಿತು: "ಬಿಸಿಲಿಗೆ ಅಡ್ಡ ನಿಂತಿದೀಯಲ್ಲೋ, ಸ್ವಲ್ಪ ಪಕ್ಕಕ್ಕೆ ಸರಿ ಮಗಾ."

ನಾನೂರು ಟನ್ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಎಲೆಗಳ ಮೇಲೆ ಬಿಸಿಲು ಬಿತ್ತು.

ಗಡ್ಡದ ಮಹಾಕಾಯ ಎದ್ದು ನಿಂತಿದ್ದ. ಅವನ ಗಡ್ಡವೆಲ್ಲ ತೊಯ್ದಿತ್ತು. "ಅಜ್ಜಿ ಬದುಕಿದಾಳೆ," ಅಂದ. "ಅಜ್ಜಿ ಬದುಕಿದಾಳೆ ಕಣ್ರೋ!" ಮುನ್ನೂರು ಜನ ಎದ್ದು ನಿಂತರು. ಕಂಪನಿಯ ಪ್ರತಿನಿಧಿ ಮೈಕು ಕೆಳಗಿಳಿಸಿ, "ಇದು ಇದೆ ಅಂತ ನಮಗೂ ಗೊತ್ತಿರಲಿಲ್ಲ," ಅಂದಳು. ಕುಂಡದಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಯಾರೂ ಕಾಣದಿದ್ದರೂ ಇರಲಿ ಎಂದು ಆ ಕಿಟಕಿಯ ಹಿಂದೆ ಒಬ್ಬ ಅಜ್ಜಿಯನ್ನು, ಒಂದು ತಂಬಿಗೆ ನೀರನ್ನು ಇಟ್ಟು ವರ್ಷವಿಡೀ ಕಾದಿದ್ದ ಕೈಗಳು ಯಾರವೋ, ಅವುಗಳಿಗೆ ನಾನು ಕೂತಲ್ಲಿಂದಲೇ ಕೈಮುಗಿದೆ.

ವಿಮರ್ಶೆಯನ್ನು ಅಲ್ಲೇ ಕೂತು ನನ್ನ ನಮೂನೆಯಲ್ಲಿ ಬರೆದೆ. ತೂಕ: ನಾನೂರು ಟನ್, ಕಾಲು ಎಲ್ಲಿಡಬೇಕೆಂದು ತಿಳಿದರೆ ಏನೂ ಇಲ್ಲ. ಸದ್ದು: ಅತ್ತೆಯದು ಮಾತ್ರ. ಶುಚಿ ಮಾಡುವುದು: ಒಡೆಯದಿದ್ದರೆ ಅಗತ್ಯವಿಲ್ಲ. ಹಿರಿಯರು ಬಳಸಬಹುದೇ: ಹಿರಿಯರಿಲ್ಲದೆ ಬಳಸಲಾಗದು. ಸಂಪಾದಕರು ಓದಿ, ಕನ್ನಡಕ ತೆಗೆದು ಒರೆಸಿ, "ಉಳಿದ ಇಪ್ಪತ್ತೈದು ಹಂತಾನೂ ಹೀಗೇ ಬರೀರಿ. ಅಂಕಣ ನಿಲ್ಲಿಸೋ ಮಾತೇ ಇಲ್ಲ," ಅಂದರು.

ಮನೆಗೆ ಮರಳಿದಾಗ ಸಂಜೆಯ ಬಿಸಿಲು ಮೆಟ್ಟಿಲ ತಿರುವಿನ ಕುಂಡದ ಮೇಲೆ ಬಿದ್ದಿತ್ತು. ಅದನ್ನು ದಾಟುವುದು ಹೇಗೆಂದು ಈಗ ನನಗೆ ಗೊತ್ತು. ಎಲ್ಲರಿಗೂ ಕೈಸನ್ನೆ ಮಾಡಿ ನಿಲ್ಲಿಸಿದೆ. ತಲೆ ತಿರುಗಿಸಿ ಹಿಂದೆ ನೋಡಿದೆ. ಮೊಣಕೈಯನ್ನು ಎದೆಗೆ ಒತ್ತಿಕೊಂಡೆ. ಅತ್ತೆ ಉಸಿರಾಡಲಿಲ್ಲ, ಕಾರ್ಯದರ್ಶಿಗಳು ಎರಡು ಬೆರಳೆತ್ತಿದರು. ಬಲಗಾಲು ನಿಧಾನವಾಗಿ ಎತ್ತಿ, ಕುಂಡದಾಚೆ, ನೇರವಾಗಿ ಇಟ್ಟೆ. ಎಡಗಾಲೂ ದಾಟಿತು. ಕುಂಡ ಅಲ್ಲಾಡಲೂ ಇಲ್ಲ. ಹಿಂದಿನಿಂದ ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು.

ಆ ಚಪ್ಪಾಳೆಗೆ ನಮಸ್ಕರಿಸಲು ತಿರುಗಿದೆ. ಹೆಗಲ ಚೀಲವೂ ನನ್ನೊಂದಿಗೆ ತಿರುಗಿತು.

ಆರನೆಯ ಕುಂಡ ನಾಲ್ಕು ಮೆಟ್ಟಿಲು ಉರುಳಿ ಚೂರುಚೂರಾಯಿತು. ಕುಂಡದಮ್ಮ ಮಣ್ಣನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಬೀಗ ತೆಗೆದು ಒಳಗೆ ಹೋದರು. ಇನ್ನು ಜನ್ಮದಲ್ಲಿ ಮಾತಿಲ್ಲ ಎಂದುಕೊಂಡು ನಾನು ಅಲ್ಲೇ ನಿಂತಿದ್ದೆ.

ಅವರು ಹೊರಗೆ ಬಂದರು, ಕೈಯಲ್ಲಿ ಹೊಸ ಕುಂಡವಿತ್ತು. ಬಗ್ಗಿ ಅದನ್ನು ಅದೇ ತಿರುವಿನಲ್ಲಿ, ಅದೇ ಬಿಸಿಲಿನಲ್ಲಿ ಇಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಗೆ ಒರಗಿ ನಿಂತರು.

"ಹ್ಞೂಂ, ಕೆಳಗೆ ಹೋಗಿ," ಅಂದರು. "ಮೊದಲಿನಿಂದ."